ಚರ್ಮದ ಕೆಲಸ ಹವ್ಯಾಸಕ್ಕೆ ಕಲಿಯಬೇಕು: ದೊಡ್ಡ ಕಿಟ್ ತಗೊಳ್ಳಲಾ, ಬಿಡಿಬಿಡಿಯಾಗಿ ತಗೊಳ್ಳಲಾ?

ಭಾನುವಾರದ_ಕೆಲಸ
ಎಲ್ಲರಿಗೂ ನಮಸ್ಕಾರ. ಕೈಹೊಲಿಗೆಯಲ್ಲಿ ಚರ್ಮದ ಪರ್ಸು, ಬೆಲ್ಟು, ನೋಟ್‌ಬುಕ್ಕಿಗೆ ಹೊದಿಕೆ, ಇಂಥವನ್ನೆಲ್ಲ ಮಾಡಲು ಕಲಿಯಬೇಕು ಅಂದುಕೊಂಡಿದ್ದೇನೆ. ಮಾರಾಟಕ್ಕಲ್ಲ, ಸುಮ್ನೆ ಹವ್ಯಾಸಕ್ಕೆ. ಆದರೆ ಉಪಕರಣ ಹುಡುಕಲು ಹೊರಟರೆ ತಲೆ ಕೆಟ್ಟುಹೋಗುತ್ತದೆ. ಒಂದು ಕಡೆ ಐವತ್ತು ಅರವತ್ತು ಸಾಮಾನು ತುಂಬಿದ ಅಗ್ಗದ ಕಿಟ್. ಇನ್ನೊಂದು ಕಡೆ ಒಂದೇ ಒಂದು ಉಳಿಗೆ ಆ ಇಡೀ ಕಿಟ್‌ಗಿಂತ ಜಾಸ್ತಿ ಬೆಲೆ!

ಕಿಟ್ ತಗೊಳ್ಳಲಾ, ಬಿಡಿಬಿಡಿಯಾಗಿ ತಗೊಳ್ಳಲಾ? ಯಾವ ಚರ್ಮದಿಂದ ಶುರು ಮಾಡುವುದು? ಹೊಲಿಗೆ ಯಂತ್ರ ಬೇಕೇ ಬೇಕಾ? ಇನ್ನೊಂದು ವಿಷಯ, ನಾನಿರುವುದು ಅಪಾರ್ಟ್‌ಮೆಂಟಿನಲ್ಲಿ. ಕೆಳಗಿನ ಮನೆಯವರು ಜಗಳಕ್ಕೆ ಬರಬಾರದು.

ಮೊಂಡು_ಉಳಿ
ಕಿಟ್ ಬೇಡ. ಆ ಅರವತ್ತರಲ್ಲಿ ಅರ್ಧಕ್ಕರ್ಧ ಹೂಬಳ್ಳಿ ಒತ್ತುವ ಸ್ಟ್ಯಾಂಪುಗಳು. ನೀವು ಹೇಳಿದ ಪರ್ಸಿಗೂ ಬೆಲ್ಟಿಗೂ ಅವು ಬೇಕಿಲ್ಲ. ಲೆಕ್ಕ ದೊಡ್ಡದಾಗಿ ಕಾಣಲಿ ಅಂತ ಸೂಜಿಗಳನ್ನೂ ಒಂದೊಂದಾಗಿ ಎಣಿಸಿರುತ್ತಾರೆ.

ಮೊದಲ ಕೆಲಸಕ್ಕೆ ಬೇಕಾದ್ದು ಸ್ವಲ್ಪವೇ. ಹರಿತವಾದ ಕತ್ತಿ, ಉಕ್ಕಿನ ಸ್ಕೇಲು, ಕೆಳಗೆ ಹಾಸಲು ಕಟಿಂಗ್ ಮ್ಯಾಟ್. ತೂತು ಹೊಡೆಯಲು ಹಲ್ಲಿನ ಉಳಿ ಎರಡು: ನೇರ ಗೆರೆಗೆ ನಾಲ್ಕು ಅಥವಾ ಆರು ಹಲ್ಲಿನದು, ತಿರುವಿಗೆ ಎರಡು ಹಲ್ಲಿನದು. ಅದನ್ನು ಬಡಿಯಲು ಒಂದು ಕೊಡತಿ. ಮೊಂಡು ತುದಿಯ ಸೂಜಿ ಎರಡು, ಮೇಣ ಹಚ್ಚಿದ ದಾರ, ಅಂಟು. ಹೊಲಿಗೆಯ ಗೆರೆ ಎಳೆಯಲು ಜ್ಯಾಮಿಟ್ರಿ ಬಾಕ್ಸಿನ ಡಿವೈಡರ್ ಸಾಕು. ಒಂದು ಕಾಲನ್ನು ಚರ್ಮದ ಅಂಚಿಗೆ ಆನಿಸಿ, ಇನ್ನೊಂದನ್ನು ಮೇಲೆ ಹಗುರವಾಗಿ ಎಳೆದರೆ ಆಯಿತು. ಉಳಿದದ್ದನ್ನೆಲ್ಲ ಕೈ ತಡೆದಾಗ ತಗೊಳ್ಳಿ.

ಕಿಟ್_ಪಕ್ಷ
ಕಿಟ್ ಅಂದರೆ ಸಾಕು, ಎಲ್ಲರೂ ಮುಗಿಬೀಳುತ್ತಾರೆ. ನಾನು ಶುರು ಮಾಡಿದ್ದೇ ಅಂಥ ಕಿಟ್‌ನಿಂದ. ಯಾವುದು ಬೇಕು ಯಾವುದು ಬೇಡ ಅನ್ನುವುದು ಹೊಸಬರಿಗೆ ಗೊತ್ತಾಗುವುದಾದರೂ ಹೇಗೆ? ಎಲ್ಲವನ್ನೂ ಕೈಯಲ್ಲಿ ಹಿಡಿದು ನೋಡಿದ್ದರಿಂದ ನನಗೆ ಗೊತ್ತಾಯಿತು. ಅಗ್ಗದ ಉಳಿಯ ಹಲ್ಲು ಒರಟಾಗಿರುತ್ತದೆ, ನಿಜ. ನಯವಾದ ಎಮರಿ ಕಾಗದದಲ್ಲಿ ಹಲ್ಲಿನ ಎರಡೂ ಮೈ ಉಜ್ಜಿ, ಆಮೇಲೆ ಪಾಲಿಶ್ ಪೇಸ್ಟ್ ಹಚ್ಚಿದ ಚರ್ಮದ ಮೇಲೆ ಉಜ್ಜಿದರೆ ಸರಾಗವಾಗಿ ಇಳಿದು ಸರಾಗವಾಗಿ ಹೊರಬರುತ್ತದೆ. ನನ್ನದು ಇವತ್ತಿಗೂ ಕೆಲಸ ಮಾಡುತ್ತಿದೆ.

ಮೊಂಡು_ಉಳಿ
ಉಜ್ಜಿ ಉಜ್ಜಿ ಸರಿಮಾಡಲು ಗೊತ್ತಿರುವವರು ಈ ಪ್ರಶ್ನೆಯನ್ನೇ ಕೇಳುವುದಿಲ್ಲ ಅಲ್ವಾ? ಹಲ್ಲುಗಳ ನಡುವಿನ ಅಂತರವೇ ಸಮ ಇಲ್ಲದಿದ್ದರೆ ಯಾವ ಎಮರಿ ಕಾಗದವೂ ಉಳಿಸುವುದಿಲ್ಲ.

ಕಿಟ್_ಪಕ್ಷ
ಅದಕ್ಕೆ ಒಪ್ಪಿದೆ.

ಹದಗಾರ್ತಿ
ಉಪಕರಣದ ಜಗಳ ಆಮೇಲೆ ಆಡಿ, ಮೊದಲು ಚರ್ಮದ ವಿಷಯ ಇತ್ಯರ್ಥ ಆಗಲಿ. ಅರ್ಧ ಉಪಕರಣಗಳನ್ನು ನಿರ್ಧರಿಸುವುದೇ ಅದು.

ಮುಖ್ಯವಾಗಿ ಎರಡು ಬಗೆ. ಮರದ ತೊಗಟೆ, ಕಾಯಿ ಇಂಥವುಗಳ ಟ್ಯಾನಿನ್‌ನಿಂದ ಹದ ಮಾಡಿದ್ದು ವೆಜ್ ಟ್ಯಾನ್. ಕ್ರೋಮಿಯಂ ಲವಣದಿಂದ ಹದ ಮಾಡಿದ್ದು ಕ್ರೋಮ್ ಟ್ಯಾನ್. ಮೊದಲನೆಯದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಎರಡನೆಯದು ಒಂದೆರಡು ದಿನದ ಕೆಲಸ. ಅಮೆರಿಕದಲ್ಲಿ ಆಗಸ್ಟಸ್ ಶುಲ್ಜ್ ಅನ್ನುವವರು 1884ರಲ್ಲಿ ಕ್ರೋಮ್ ಹದಕ್ಕೆ ಪೇಟೆಂಟ್ ಪಡೆದರು. ಅಲ್ಲಿಂದಾಚೆ ಜಗತ್ತಿನ ಬಹುಪಾಲು ಚರ್ಮ ಕ್ರೋಮ್ ಕಡೆಗೇ ವಾಲಿತು.

ಕಲಿಯುವವರಿಗೆ ವೆಜ್ ಟ್ಯಾನ್ ವಾಸಿ. ಗಡುಸಾಗಿರುತ್ತದೆ, ಕತ್ತರಿಸುವಾಗ ಜಾರುವುದಿಲ್ಲ, ಹಿಗ್ಗುವುದಿಲ್ಲ. ಅಂಚನ್ನು ಒದ್ದೆ ಮಾಡಿ ಉಜ್ಜಿದರೆ ಗಾಜಿನ ಹಾಗೆ ಹೊಳೆಯುತ್ತದೆ. ಕ್ರೋಮ್ ಟ್ಯಾನ್ ಮೆತ್ತಗೆ, ಬಟ್ಟೆಯಂತೆ ಜೋಲುತ್ತದೆ. ಬ್ಯಾಗಿಗೆ, ಜಾಕೆಟ್ಟಿಗೆ ಚೆನ್ನ. ಅದರ ಅಂಚನ್ನು ಉಜ್ಜಿ ಹೊಳಪು ತರಲು ಆಗುವುದಿಲ್ಲ. ಬಣ್ಣ ಬಳಿಯಬೇಕು, ಇಲ್ಲವೇ ಮಡಚಿ ಹೊಲಿಯಬೇಕು. ಅಚ್ಚು ಒತ್ತಿದರೂ ನಿಲ್ಲುವುದಿಲ್ಲ.

ಸುಮ್ನೆ_ಓದುಗ
ಅಂದರೆ ಕ್ರೋಮ್ ಟ್ಯಾನ್ ನಕಲಿ ಚರ್ಮವಾ?

ಹದಗಾರ್ತಿ
ಅಯ್ಯೋ ಅಲ್ಲ. ಎರಡೂ ಅಪ್ಪಟ ತೊಗಲೇ. ಹದ ಮಾಡುವ ವಿಧಾನ ಬೇರೆ ಅಷ್ಟೆ. ನೀವು ಹುಷಾರಾಗಿರಬೇಕಾದ್ದು ಬಾಂಡೆಡ್ ಲೆದರ್ ಬಗ್ಗೆ. ಅದು ಚರ್ಮದ ಚೂರು ಪುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದು. ಮಡಚಿದ ಕಡೆ ಸಿಪ್ಪೆ ಏಳುತ್ತದೆ. ಅದರಲ್ಲಿ ಹೊಲಿಗೆ ಕಲಿತರೆ ಹೊಲಿಗೆಯ ಮೇಲೇ ಬೇಸರ ಬರುತ್ತದೆ.

ಬೆಂಕಿಪೊಟ್ಟಣ
ಯಾವುದು ವೆಜ್ ಟ್ಯಾನ್ ಅಂತ ತಿಳಿಯಲು ಸುಲಭದ ಉಪಾಯ ಇದೆ. ಒಂದು ಚೂರು ಸುಟ್ಟು ನೋಡಿ. ಬೂದಿ ಹಸಿರು ಬಣ್ಣಕ್ಕೆ ತಿರುಗಿದರೆ ಕ್ರೋಮ್.

ಹದಗಾರ್ತಿ
ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ ಅಣ್ಣ. ಕ್ರೋಮ್ ಚರ್ಮದಲ್ಲಿರುವುದು ಮೂರು ವೇಲೆನ್ಸಿಯ ಕ್ರೋಮಿಯಂ. ಸುಟ್ಟಾಗ ಅದು ಆರು ವೇಲೆನ್ಸಿಯದಾಗಿ ಬದಲಾಗಬಹುದು. ಅದು ಕ್ಯಾನ್ಸರ್ ತರುವಂಥದ್ದು. ಆ ಹೊಗೆಯನ್ನು ಮನೆಯೊಳಗೆ ಯಾಕೆ ಕುಡಿಯಬೇಕು?

ಬೇರೆ ದಾರಿ ಇದೆ. ಬಣ್ಣ ಹಾಕದ ವೆಜ್ ಟ್ಯಾನ್ ಮೇಲೆ ಒಂದು ಹನಿ ನೀರು ಬಿಟ್ಟರೆ ಬೇಗ ಹೀರಿಕೊಂಡು ಅಲ್ಲಿ ಗಾಢವಾಗುತ್ತದೆ. ಇನ್ನೂ ಖಾತ್ರಿ ಬೇಕಾದರೆ ವಿನೆಗರ್‌ನಲ್ಲಿ ಉಕ್ಕಿನ ಉಣ್ಣೆ (ಸ್ಟೀಲ್ ವೂಲ್) ನೆನೆಹಾಕಿ, ಆ ನೀರನ್ನು ಒಂದು ಚೂರಿನ ಮೇಲೆ ಹಚ್ಚಿ. ವೆಜ್ ಟ್ಯಾನ್ ಆದರೆ ಕಣ್ಣೆದುರೇ ಕಪ್ಪಾಗುತ್ತದೆ. ಟ್ಯಾನಿನ್ ಮತ್ತು ಕಬ್ಬಿಣ ಸೇರಿದಾಗ ಆಗುವುದೇ ಹಾಗೆ. ಯುರೋಪಿನ ಹಳೇ ಹಸ್ತಪ್ರತಿಗಳ ಕಪ್ಪು ಶಾಯಿಯೂ ಇದೇ ರಸಾಯನ. ಹಾಗಾಗಿ ಒದ್ದೆ ಚರ್ಮದ ಮೇಲೆ ಉಕ್ಕಿನ ಸ್ಕೇಲು ಬಿಟ್ಟು ಎದ್ದುಹೋಗಬೇಡಿ, ಕಪ್ಪು ಕಲೆ ಕೂರುತ್ತದೆ.

ಬೆಂಕಿಪೊಟ್ಟಣ
ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಅಕ್ಕ.

ದಾರದುಂಡೆ
ದಪ್ಪದ ಬಗ್ಗೆ ಯಾರೂ ಹೇಳಲಿಲ್ಲ. ಕೆಲವರು ಮಿಲಿಮೀಟರಿನಲ್ಲಿ ಬರೆದರೆ ಕೆಲವರು ಔನ್ಸಿನಲ್ಲಿ ಬರೆಯುತ್ತಾರೆ. ಒಂದು ಔನ್ಸ್ ಅಂದರೆ ಒಂದು ಇಂಚಿನ 64ನೇ ಒಂದು ಭಾಗ, ಸುಮಾರು 0.4 ಮಿ.ಮೀ. ಪರ್ಸಿನ ಹೊರಮೈಗೆ 1.2ರಿಂದ 1.5 ಮಿ.ಮೀ., ಒಳಗಿನ ಕಾರ್ಡು ಕಿಸೆಗೆ 0.8 ಅಥವಾ 1 ಮಿ.ಮೀ. ಬೆಲ್ಟಿಗೆ 3.5ರಿಂದ 4. ಎಲ್ಲದಕ್ಕೂ ಒಂದೇ ದಪ್ಪ ತಗೊಂಡರೆ ಪರ್ಸು ಮಡಚಲಿಕ್ಕೇ ಬರುವುದಿಲ್ಲ. ನಾಲ್ಕು ಕಿಸೆ, ಒಂದು ಹೊರಮೈ, ಎಲ್ಲ ಸೇರುವ ಅಂಚಿನಲ್ಲಿ ಎಷ್ಟು ದಪ್ಪ ಆಗುತ್ತದೆ ಅಂತ ಕತ್ತರಿಸುವ ಮೊದಲೇ ಲೆಕ್ಕ ಹಾಕಿ. ಹೆಚ್ಚಾದರೆ ಅಂಚಿನ ಹಿಂಬದಿಯನ್ನು ಹೆರೆದು ತೆಳ್ಳಗೆ ಮಾಡಬೇಕು. ಅದು ಬೇರೆಯೇ ವಿದ್ಯೆ. ಮೊದಲ ಸಲಕ್ಕೆ ಎರಡೇ ಪದರದ ಕಾರ್ಡ್ ಹೋಲ್ಡರ್ ಮಾಡಿ.

ಕತ್ತಿಮಸೆ
ಎರಡೂ ಕಡೆಯವರು ಉಳಿ ಉಳಿ ಅನ್ನುತ್ತಿದ್ದೀರಿ. ನನ್ನ ಪ್ರಕಾರ ಹಣ ಹಾಕಬೇಕಾದ್ದು ಕತ್ತಿಗೆ. ಹಣಕ್ಕಿಂತ ಜಾಸ್ತಿ ಗಮನ. ಮೊಂಡು ಕತ್ತಿ ಚರ್ಮವನ್ನು ಕತ್ತರಿಸುವುದಿಲ್ಲ, ಎಳೆಯುತ್ತದೆ. ಅಂಚು ಅಲೆಅಲೆಯಾಗುತ್ತದೆ. ಆಮೇಲೆ ಆ ಅಂಚಿಗೆ ಆನಿಸಿ ಎಳೆದ ಹೊಲಿಗೆ ಗೆರೆಯೂ ಅಲೆಯಾಗುತ್ತದೆ, ಅದರ ಮೇಲೆ ಹೊಡೆದ ತೂತೂ ಹಾಗೇ. ಕೊನೆಗೆ ಎಲ್ಲರೂ ಬಯ್ಯುವುದು ಉಳಿಯನ್ನು.

ಮಸೆಯಲು ಬರದಿದ್ದರೆ ತುದಿ ಮುರಿದು ಬಳಸುವ ಬ್ಲೇಡಿನ ಕಟರ್ ಸಾಕು. ಇದರ ಹಿಂದೊಂದು ಕತೆ ಇದೆ. ಜಪಾನಿನ ಯೋಶಿಯೋ ಒಕಾಡಾ 1956ರಲ್ಲಿ ಇದನ್ನು ಕಂಡುಹಿಡಿದರು. ಆಮೇಲೆ ಓಲ್ಫಾ ಕಂಪನಿ ಹುಟ್ಟಿದ್ದು ಇದರಿಂದಲೇ. ಚಪ್ಪಲಿ ಹೊಲಿಯುವವರು ಗಾಜಿನ ಚೂರು ಬಳಸಿ, ಮೊಂಡಾದಾಗ ಮುರಿದು ಹೊಸ ಅಂಚು ಪಡೆಯುತ್ತಿದ್ದುದನ್ನು ಅವರು ನೋಡಿದ್ದರಂತೆ. ಅಂದರೆ ಈ ಕಟರ್ ಚರ್ಮದವರ ಮನೆಯಿಂದಲೇ ಬಂದದ್ದು! ಆದ್ದರಿಂದ ಜಿಪುಣತನ ಮಾಡದೆ ತುದಿ ಮುರಿಯಿರಿ.

ಅರ್ಧಚಂದ್ರ
ಕಟರ್ ತಿರುವಿನಲ್ಲಿ ಬಾಗುತ್ತದೆ. ದಪ್ಪ ಚರ್ಮದಲ್ಲಿ ಬ್ಲೇಡ್ ವಾಲಿ ಅಂಚು ಓರೆಯಾಗುತ್ತದೆ. ಅರ್ಧಚಂದ್ರದ ಕತ್ತಿಯೇ ರಾಜ. ಈಜಿಪ್ಟಿನಲ್ಲಿ ರೆಖ್‌ಮಿರೆಯ ಸಮಾಧಿಯ ಗೋಡೆಚಿತ್ರದಲ್ಲಿ ಚರ್ಮದವರು ಇಂಥದ್ದೇ ಕತ್ತಿ ಹಿಡಿದಿದ್ದಾರೆ. ಮೂರು ಸಾವಿರ ವರ್ಷಕ್ಕೂ ಹಳೆಯ ಚಿತ್ರ ಅದು.

ಕತ್ತಿಮಸೆ
ಗುರು, ಅವರ ಮೊದಲ ಕೆಲಸ ಕಾರ್ಡ್ ಹೋಲ್ಡರ್. ಫೇರೋನ ರಥಕ್ಕೆ ಪಟ್ಟಿ ಹೊಲಿಯುತ್ತಿಲ್ಲ.

ಅರ್ಧಚಂದ್ರ
😄 ಸರಿ. ಆದರೆ ಯಾವ ಕತ್ತಿಯಾದರೂ ಒಂದೇ ಏಟಿಗೆ ಕತ್ತರಿಸಲು ಹೋಗಬೇಡಿ. ಮೊದಲು ಹಗುರವಾಗಿ ಒಂದು ಗೀರು, ಆಮೇಲೆ ಅದೇ ಗೀರಿನಲ್ಲಿ ಇನ್ನೆರಡು ಸಲ. ಸ್ಕೇಲು ಚರ್ಮದ ಉಪಯೋಗದ ಭಾಗದ ಮೇಲೆ ಇರಲಿ. ಜಾರಿದರೂ ಕತ್ತಿ ವೇಸ್ಟ್ ಆಗುವ ಕಡೆಗೆ ಹೋಗುತ್ತದೆ. ಅಲಗು ಹಾಗೇ ಇರಲು, ಒಂದು ಹಲಗೆಗೆ ಚರ್ಮದ ಪಟ್ಟಿ ಅಂಟಿಸಿ, ಹಸಿರು ಪಾಲಿಶ್ ತಿಕ್ಕಿ, ಆಗಾಗ ಕತ್ತಿಯನ್ನು ಹಿಂದಕ್ಕೆ ಎಳೆಯಿರಿ. ಮುಂದಕ್ಕೆ ತಳ್ಳಿದರೆ ಪಟ್ಟಿಯನ್ನೇ ಕತ್ತರಿಸುತ್ತೀರಿ.

ರಂಧ್ರಾನ್ವೇಷಿ
ಕೊಡತಿ ಬದಲು ಕಬ್ಬಿಣದ ಸುತ್ತಿಗೆ ಮಾತ್ರ ಬೇಡ. ಉಳಿಯ ತಲೆ ಚಪ್ಪಟೆಯಾಗಿ ಅಣಬೆ ಆಗುತ್ತದೆ.

ದಬ್ಬಣ_ಪ್ರಿಯ
ಹಲ್ಲಿನ ಉಳಿಯಲ್ಲಿ ಎರಡು ಜಾತಿ ಇದೆ ಅನ್ನುವುದನ್ನು ಯಾರೂ ಹೇಳಲಿಲ್ಲ. ಒಂದು ಆರಪಾರ ತೂತು ಹೊಡೆಯುವ ಸ್ಟಿಚಿಂಗ್ ಚಿಸೆಲ್. ಇನ್ನೊಂದು ಬರೀ ಗುರುತು ಹಾಕುವ ಪ್ರಿಕಿಂಗ್ ಐರನ್. ಎರಡನೆಯದರಲ್ಲಿ ಗುರುತಷ್ಟೇ ಒತ್ತಿ, ಆಮೇಲೆ ವಜ್ರಾಕಾರದ ತುದಿಯ ದಬ್ಬಣದಿಂದ ಒಂದೊಂದೇ ಚುಚ್ಚುತ್ತಾ ಹೊಲಿಯಬೇಕು. ಹೊಲಿಗೆಯ ಅಂದ ಇರುವುದು ಅಲ್ಲಿ. ಚಿಸೆಲ್ ಬರೀ ಶಾರ್ಟ್‌ಕಟ್.

ಮೊಂಡು_ಉಳಿ
ಬಂದರಪ್ಪಾ ಶುದ್ಧವಾದಿಗಳು.

ದಬ್ಬಣ_ಪ್ರಿಯ
ಶುದ್ಧವಾದ ಅಲ್ಲ ಸ್ವಾಮಿ. ನಾಲ್ಕು ಪದರ ಸೇರಿದ ದಪ್ಪದಲ್ಲಿ ಚಿಸೆಲ್ ಸ್ವಲ್ಪ ವಾಲಿದರೂ ಹಿಂಬದಿಯ ಗೆರೆ ಹಾವಿನ ಹಾಗೆ ಓಡುತ್ತದೆ. ಮುಂದೆ ನೋಡಿದರೆ ಸೊಗಸು, ತಿರುಗಿಸಿದರೆ ಗೋಳು. ದಬ್ಬಣದಲ್ಲಿ ಪ್ರತಿ ತೂತಿನ ಓರೆಯೂ ನಿಮ್ಮ ಕೈಯಲ್ಲಿರುತ್ತದೆ.

ನಾಲ್ಕು_ಹಲ್ಲು
ದಬ್ಬಣವನ್ನು ನೆಟ್ಟಗೆ ಹಿಡಿಯುವುದು ಕಲಿಯಲು ತಿಂಗಳುಗಳು ಬೇಕು. ತೆಳು ಪರ್ಸಿಗೆ ಚಿಸೆಲ್ಲೇ ಸರಿ. ಹೊಡೆಯುವಾಗ ಹಿಂದಿನ ಕೊನೇ ತೂತಿನಲ್ಲಿ ಮೊದಲ ಹಲ್ಲು ಕೂರಿಸಿ ಮುಂದಿನದನ್ನು ಹೊಡೆಯಿರಿ, ಅಂತರ ತಪ್ಪುವುದಿಲ್ಲ. ಹಲ್ಲು ಸಿಕ್ಕಿಕೊಂಡರೆ ಅಲ್ಲಾಡಿಸಿ ಕೀಳಬೇಡಿ. ಚರ್ಮವನ್ನು ಉಳಿಯ ಪಕ್ಕದಲ್ಲೇ ಬೆರಳಿನಿಂದ ಒತ್ತಿ ಹಿಡಿದು ನೆಟ್ಟಗೆ ಎಳೆಯಿರಿ. ಹಲ್ಲಿಗೆ ಒಂದಿಷ್ಟು ಜೇನುಮೇಣ ತಾಗಿಸಿದರೆ ಇನ್ನೂ ಸುಲಭ.

ದಾರದುಂಡೆ
ಉಳಿಯ ಅಂತರಕ್ಕೂ ದಾರದ ದಪ್ಪಕ್ಕೂ ಜೋಡಿ ಸರಿಯಾಗಿರಬೇಕು. 3 ಮಿ.ಮೀ. ಅಂತರಕ್ಕೆ 0.5 ಅಥವಾ 0.6ರ ದಾರ, 4 ಮಿ.ಮೀ.ಗೆ 0.8, 5 ಮಿ.ಮೀ.ಗೆ 1. ಕಿಟ್‌ನಲ್ಲಿ ಬರುವ ಚಪ್ಪಟೆ ದಾರ ಸಾಮಾನ್ಯವಾಗಿ ಪರ್ಸಿಗೆ ದಪ್ಪವಾಯಿತು. ಹೊಸಬರ ಕೆಲಸ ಒರಟಾಗಿ ಕಾಣಲು ಅರ್ಧ ಕಾರಣ ಈ ದಾರವೇ.

ದಾರದ ಉದ್ದ ಹೊಲಿಗೆಯ ಉದ್ದದ ನಾಲ್ಕರಷ್ಟು, ಜೊತೆಗೆ ಎರಡು ಸೂಜಿಗೆ ಒಂದೊಂದು ಗೇಣು. ಸೂಜಿಯ ತುದಿ ಮೊಂಡಾಗಿರಬೇಕು. ತೂತು ಮೊದಲೇ ಇರುತ್ತದಲ್ಲ, ಚೂಪು ಇದ್ದರೆ ಒಳಗಿರುವ ದಾರವನ್ನೇ ಸೀಳುತ್ತದೆ.

ಭಾನುವಾರದ_ಕೆಲಸ
ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎರಡು ಸೂಜಿ ಯಾಕೆ ಅನ್ನುವುದು ಇನ್ನೂ ಅರ್ಥವಾಗಲಿಲ್ಲ. ಯಂತ್ರದ ಪ್ರಶ್ನೆಗೂ ಯಾರೂ ಉತ್ತರ ಕೊಟ್ಟಿಲ್ಲ.

ದಬ್ಬಣ_ಪ್ರಿಯ
ಎರಡಕ್ಕೂ ಒಂದೇ ಉತ್ತರ, ಸ್ಯಾಡಲ್ ಸ್ಟಿಚ್. ಒಂದೇ ದಾರ, ಎರಡು ತುದಿಗೂ ಸೂಜಿ. ಎರಡೂ ಸೂಜಿ ಎದುರುಬದುರಾಗಿ ಒಂದೇ ತೂತಿನಲ್ಲಿ ಹಾಯುತ್ತವೆ. ಯಂತ್ರದ ಹೊಲಿಗೆಯಲ್ಲಿ ಮೇಲಿನ ದಾರ, ಕೆಳಗಿನ ದಾರ ಬೇರೆಬೇರೆ. ಚರ್ಮದ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಕಡೆ ಹರಿದರೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಸ್ಯಾಡಲ್ ಸ್ಟಿಚ್‌ನಲ್ಲಿ ಒಂದು ಹೊಲಿಗೆ ಹರಿದರೂ ಇನ್ನೊಂದು ತುದಿಯ ದಾರ ಹಿಡಿದಿರುತ್ತದೆ.

ಮಾಡುವ ಕ್ರಮ: ಎಡಗೈ ಸೂಜಿ ಮೊದಲು ತೂತಿನಿಂದ ಬಲಕ್ಕೆ ಬರಲಿ. ಬಲಗೈ ಸೂಜಿಯನ್ನು ಅದರ ಹಿಂದೆ ಶಿಲುಬೆಯಂತೆ ಅಡ್ಡ ಹಿಡಿದು, ಎರಡನ್ನೂ ಒಟ್ಟಿಗೆ ಎಳೆಯಿರಿ. ಈಗ ಬಂದ ದಾರವನ್ನು ತೂತಿನ ಒಂದು ಮೂಲೆಗೆ ಒತ್ತರಿಸಿ, ಖಾಲಿ ಜಾಗದಲ್ಲಿ ಬಲಗೈ ಸೂಜಿ ತೂರಿಸಿ. ಪೂರ್ತಿ ಎಳೆಯುವ ಮೊದಲು ಎಡದ ದಾರವನ್ನು ಸ್ವಲ್ಪ ಹಿಂದೆಮುಂದೆ ಜಗ್ಗಿ ನೋಡಿ. ಸರಾಗವಾಗಿ ಜಾರಿದರೆ ಸೂಜಿ ದಾರವನ್ನು ಚುಚ್ಚಿಲ್ಲ ಅಂತ. ಆಮೇಲೆ ಎರಡೂ ಕಡೆ ಸಮ ಬಿಗಿ. ಯಾವ ಕೈ ಮೊದಲು ಅನ್ನುವುದನ್ನು ಮಧ್ಯದಲ್ಲಿ ಬದಲಿಸಬೇಡಿ. ಬದಲಿಸಿದ ಜಾಗದಲ್ಲಿ ಹೊಲಿಗೆಯ ಓರೆ ತಿರುಗುತ್ತದೆ, ದೂರದಿಂದಲೇ ಕಾಣುತ್ತದೆ.

ಪಾದಯಂತ್ರ
ಯಂತ್ರದ ಹೊಲಿಗೆ ಸಾಲಾಗಿ ಬಿಚ್ಚಿಕೊಳ್ಳುತ್ತದೆ ಅನ್ನುವುದು ಉತ್ಪ್ರೇಕ್ಷೆ. ಒಳ್ಳೆಯ ದಾರ, ಸರಿಯಾದ ಬಿಗಿ ಇದ್ದರೆ ಶೂ, ಬ್ಯಾಗು, ಕಾರಿನ ಸೀಟು ಎಲ್ಲ ಅದರಲ್ಲೇ ವರ್ಷಗಟ್ಟಲೆ ಬಾಳುತ್ತವೆ. ಅಂಟೂ ಹಿಡಿದಿರುತ್ತದೆ. ನೀವು ಹೇಳುವುದು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುವ ಚೈನ್ ಸ್ಟಿಚ್‌ಗೆ ಜಾಸ್ತಿ ಸರಿ.

ದಬ್ಬಣ_ಪ್ರಿಯ
ಸರಿ, "ಸಾಲಾಗಿ" ಅನ್ನುವುದು ಜಾಸ್ತಿಯಾಯಿತು. ನಿಧಾನವಾಗಿ ಸಡಿಲವಾಗುತ್ತದೆ ಅನ್ನೋಣ.

ಪಾದಯಂತ್ರ
ಹಾಂ, ಹಾಗೆ ಹೇಳಿ. ಆದರೆ ಹವ್ಯಾಸಕ್ಕೆ ಯಂತ್ರ ಬೇಡ ಅನ್ನುವುದಕ್ಕೆ ನನ್ನ ಓಟೂ ಇದೆ. ಬಟ್ಟೆ ಹೊಲಿಯುವ ಮನೆಯ ಯಂತ್ರಕ್ಕೆ ಬೆಲ್ಟಿನ ಚರ್ಮ ಕೊಟ್ಟರೆ ಸೂಜಿ ಮುರಿಯುತ್ತದೆ, ಮೋಟಾರೂ ದಣಿಯುತ್ತದೆ. ಚರ್ಮದ ಮೇಲೆ ತಪ್ಪು ಹೊಲಿಗೆ ಬಿಚ್ಚಿದರೂ ತೂತು ಹಾಗೇ ಉಳಿಯುತ್ತದೆ ಅನ್ನುವುದು ನೆನಪಿರಲಿ.

ಹಸಿರೆಲೆ
ಇದೆಲ್ಲ ಬಿಟ್ಟು ವೀಗನ್ ಲೆದರ್ ಬಳಸಬಾರದಾ? ಪ್ರಾಣಿಯೂ ಉಳಿಯುತ್ತದೆ.

ಹದಗಾರ್ತಿ
ಬಳಸಬಹುದು, ಅದು ಅವರವರ ಆಯ್ಕೆ. ಆದರೆ ಆ ಹೆಸರಿನಲ್ಲಿ ಸಿಗುವ ಬಹುತೇಕ ಮಾಲು ಪಿಯು ಅಥವಾ ಪಿವಿಸಿ, ಅಂದರೆ ಪ್ಲಾಸ್ಟಿಕ್. ತಂತ್ರವೂ ಬೇರೆ. ಅಂಚು ಉಜ್ಜಿದರೆ ಹೊಳಪು ಬರುವುದಿಲ್ಲ, ಮಡಚಿ ಹೊಲಿಯಬೇಕು. ಅದಕ್ಕೆ ಯಂತ್ರವೇ ಸಲೀಸು.

ಹಸಿರೆಲೆ
ಪ್ಲಾಸ್ಟಿಕ್ ಆದರೆ ಮತ್ತೇನು ಹಸಿರು...

ಕಿಟ್_ಪಕ್ಷ
ವಿಷಯ ದಾರಿ ತಪ್ಪುತ್ತಿದೆ. ಇದಕ್ಕೆ ಬೇರೆ ಚರ್ಚೆ ಶುರು ಮಾಡಿ ಮಾರಾಯ್ರೇ.

ರಂಧ್ರಾನ್ವೇಷಿ
ಸದ್ದಿನ ಬಗ್ಗೆ ಹೇಳುತ್ತೇನೆ, ನಾನೂ ಮೂರನೇ ಮಹಡಿಯವನೇ. ಮೇಜಿನ ನಡುವೆ ಹೊಡೆದರೆ ಇಡೀ ಮೇಜು ತಮಟೆಯಾಗುತ್ತದೆ. ಮೇಜಿನ ಕಾಲಿನ ನೇರ ಮೇಲೆ ಹೊಡೆಯಿರಿ. ಕೆಳಗೆ ಭಾರದ ಕಲ್ಲಿನ ಚಪ್ಪಡಿ, ಅದರಡಿ ದಪ್ಪ ರಬ್ಬರ್ ಹಾಳೆ. ಕಲ್ಲಿನ ಮೇಲೆ ಕಟಿಂಗ್ ಮ್ಯಾಟ್ ಇರಲೇಬೇಕು, ಇಲ್ಲದಿದ್ದರೆ ಹಲ್ಲು ಹೋಯಿತು. ಹತ್ತು ಹಗುರ ಏಟಿಗಿಂತ ಭಾರದ ಕೊಡತಿಯ ಎರಡು ಏಟು ಕಡಿಮೆ ಸದ್ದು. ಒಂದೇ ಸಲ ಕೂತು ಎಲ್ಲ ತೂತನ್ನೂ ಹಗಲಲ್ಲೇ ಹೊಡೆದು ಮುಗಿಸಿ, ಹೊಲಿಗೆಯನ್ನು ರಾತ್ರಿಗೆ ಇಟ್ಟುಕೊಳ್ಳಿ. ಸೂಜಿಗೆ ಸದ್ದಿಲ್ಲ.

ದಬ್ಬಣ_ಪ್ರಿಯ
ದಬ್ಬಣಕ್ಕೂ ಸದ್ದಿಲ್ಲ. ಸುಮ್ನೆ ಹೇಳಿದೆ.

ಅಂಟುರಾಯ
ಅಂಟಿನ ಬಗ್ಗೆ ಒಂದು ಮಾತು. ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳು ಇಟ್ಟರೆ ಮೆತ್ತಿಕೊಳ್ಳದಷ್ಟು ಒಣಗಿದ ಮೇಲೇ ಸೇರಿಸಬೇಕು. ಹಸಿಯಲ್ಲೇ ಸೇರಿಸಿದರೆ ಜಾರುತ್ತದೆ. ಒಮ್ಮೆ ಕೂತರೆ ಸರಿಸಲಿಕ್ಕೆ ಆಗದು, ಹಾಗಾಗಿ ಒಂದು ಮೂಲೆಯಿಂದ ಹೊಂದಿಸುತ್ತಾ ಬನ್ನಿ. ನುಣುಪಾದ ಮೈಗೆ ಅಂಟಿಸುವುದಾದರೆ ಅಂಚಿನ 3-4 ಮಿ.ಮೀ. ಜಾಗವನ್ನು ಮೊದಲು ಗೀರಿ ಒರಟು ಮಾಡಿ. ವಾಸನೆಯ ಅಂಟಾದರೆ ಕಿಟಕಿ ತೆಗೆದಿಡಿ. ನೀರಿನ ಆಧಾರದ್ದೂ ಸಿಗುತ್ತದೆ, ಒಣಗಲು ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅಷ್ಟೆ. ಅಪಾರ್ಟ್‌ಮೆಂಟಿಗೆ ಅದೇ ಒಳ್ಳೆಯದು.

ಭಾನುವಾರದ_ಕೆಲಸ
ಎಲ್ಲ ಓದಿ ಪಟ್ಟಿ ಮಾಡಿಕೊಂಡೆ. ಕಿಟ್ ಕೈಬಿಟ್ಟೆ (ಕಿಟ್_ಪಕ್ಷ ಅವರು ಬೇಜಾರಾಗಬೇಡಿ). ಕಟರ್, ಉಕ್ಕಿನ ಸ್ಕೇಲು, ಮ್ಯಾಟ್, 4 ಮಿ.ಮೀ. ಅಂತರದ ಎರಡು ಹಲ್ಲು ಮತ್ತು ಆರು ಹಲ್ಲಿನ ಉಳಿ, ನೈಲಾನ್ ಕೊಡತಿ, ಸೂಜಿ, 0.8ರ ಪಾಲಿಯೆಸ್ಟರ್ ದಾರ, ನೀರಿನ ಅಂಟು. ಚರ್ಮ 1.2 ಮಿ.ಮೀ. ವೆಜ್ ಟ್ಯಾನ್. ಏನಾದರೂ ಬಿಟ್ಟುಹೋಯಿತಾ?

ದಾರದುಂಡೆ
ಕಾರ್ಡ್ ಹೋಲ್ಡರಿಗೆ 3 ಮಿ.ಮೀ. ಉಳಿ, 0.6ರ ದಾರ ಚೆಂದ.

ನಾಲ್ಕು_ಹಲ್ಲು
ಮೊದಲ ಸಲಕ್ಕೆ 4 ಇರಲಿ ಬಿಡಿ. ತೂತು ಕಡಿಮೆ, ಕಣ್ಣಿಗೂ ಸುಲಭ. ಆಮೇಲೆ ಬೆಲ್ಟಿಗೂ ಆಗುತ್ತದೆ.

ಅರ್ಧಚಂದ್ರ
ಅಂಚಿನ ಸಾಮಾನು ಬಿಟ್ಟಿದ್ದೀರಿ. ಎಮರಿ ಕಾಗದ 400, 800, ಮತ್ತೊಂದು ಮರದ ಉಜ್ಜುಕೋಲು. ಉಜ್ಜುಕೋಲು ಇಲ್ಲದಿದ್ದರೆ ಒರಟು ಕ್ಯಾನ್ವಾಸ್ ಬಟ್ಟೆ ಸಾಕು. ಮೊದಲು ಎಮರಿಯಲ್ಲಿ ಸಮ ಮಾಡಿ, ಬೆರಳಿನಿಂದ ಒಂಚೂರು ನೀರು ಸವರಿ, ಬಿಸಿ ಏಳುವ ತನಕ ಬಿರುಸಾಗಿ ಉಜ್ಜಿ. ನೀರು ಜಾಸ್ತಿಯಾದರೆ ಅಂಚು ಅಣಬೆಯಂತೆ ಊದಿಕೊಳ್ಳುತ್ತದೆ. ಟೋಕೊನೋಲ್ ತರಹದ ಗೋಂದು ಸಿಕ್ಕರೆ ನೀರಿಗಿಂತ ಬೇಗ ಹೊಳಪು ಬರುತ್ತದೆ. ಅಂಚಿನ ಮೂಲೆ ಕೆತ್ತುವ ಬೆವೆಲರ್ 1.2 ಮಿ.ಮೀ. ಚರ್ಮಕ್ಕೆ ಈಗಲೇ ಬೇಡ, ಬೆಲ್ಟ್ ಮಾಡುವಾಗ ತಗೊಳ್ಳಿ.

ಭಾನುವಾರದ_ಕೆಲಸ
ಸೇರಿಸಿದೆ. ಕೊನೇ ಪ್ರಶ್ನೆ: ಹೊಲಿಗೆ ಮುಗಿದ ಮೇಲೆ ಗಂಟು ಹಾಕಬೇಕಾ?

ದಾರದುಂಡೆ
ಗಂಟು ಬೇಡ. ಕೊನೆಯ ತೂತಿನಿಂದ ಎರಡು ತೂತು ಹಿಂದಕ್ಕೆ ಹೊಲಿದು, ಎರಡೂ ತುದಿಯನ್ನು ಹಿಂಬದಿಗೆ ತನ್ನಿ. ಪಾಲಿಯೆಸ್ಟರ್ ಆದರೆ ಒಂದೆರಡು ಮಿ.ಮೀ. ಬಿಟ್ಟು ಕತ್ತರಿಸಿ ಲೈಟರ್ ಹತ್ತಿರ ಹಿಡಿದರೆ ಕರಗುತ್ತದೆ, ಆಗಲೇ ಲೈಟರಿನ ಲೋಹದ ಭಾಗದಿಂದ ಒತ್ತಿ. ಜ್ವಾಲೆಯ ನೀಲಿ ಭಾಗ ಬಳಸಿ, ಹಳದಿ ತುದಿ ಚರ್ಮಕ್ಕೆ ಮಸಿ ಹಿಡಿಸುತ್ತದೆ. ಲಿನನ್ ದಾರ ಕರಗುವುದಿಲ್ಲ, ಉರಿದುಹೋಗುತ್ತದೆ. ಅದಕ್ಕೆ ಒಂದು ಹನಿ ಅಂಟು ಹಚ್ಚಿ ತೂತಿನೊಳಗೆ ತಳ್ಳಿ, ಮೈಗೆ ಸಮವಾಗಿ ಕತ್ತರಿಸಿ.

ಪಾದಯಂತ್ರ
ಬೆಲ್ಟಿನ ಸರದಿ ಬಂದಾಗ ಇಲ್ಲೇ ಕೇಳಿ. ಬಕಲ್ ಮಡಚುವ ಜಾಗದಿಂದ ನಡುವಿನ ತೂತಿನವರೆಗೆ ಅಳೆಯಬೇಕು, ಪಟ್ಟಿಯ ತುದಿಯವರೆಗಲ್ಲ. ಹಾಗಾಗಿಯೇ ತೂತುಗಳು 5 ಅಥವಾ 7 ಇರುತ್ತವೆ.